ಸೊಆವೆಯ ಚಪ್ಪರವೂ ನಮ್ಮ ದ್ರಾಕ್ಷಿ ಪಡವೂ



ಹಡಗಿನ ಕೆಲಸದಿಂದ ರಜೆಗೆ ಬಂದ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಇಟಲಿಯ ಬಿಳಿ ದ್ರಾಕ್ಷಾರಸದ ಒಂದು ಬಾಟಲಿಯನ್ನು ತಂದು ನಮ್ಮ ಕೈಗಿತ್ತನು. ಬಾಟಲಿಯ ಮೇಲೆ 'ಸೊಆವೆ' ಎಂದು ಬರೆದಿತ್ತು. ಇದನ್ನು ಬಲಿಪೂಜೆಗೆ ಬಳಸಬಹುದೇ ಎಂಬುದು ಅವನ ಪ್ರಶ್ನೆ. ಅವನ ಜೊತೆ ಬಂದಿದ್ದ ಸೋದರಮಾವನ ಪ್ರಶ್ನೆ ಬೇರೆ. ಅವರಿಗೆ ಟಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಅಳಿಯ ತೆಗೆದ ಅಲ್ಲಿಯ ತೋಟಗಳ ಚಿತ್ರಗಳನ್ನು ನೋಡಿ, "ಫಾದರ್, ಅವರದೂ ಚಪ್ಪರ, ನಮ್ಮದೂ ಚಪ್ಪರ. ಥಾಮ್ಸನ್ ಕಿತ್ತು ಈ ಬಳ್ಳಿ ಹಚ್ಚಿದ್ರ ಹ್ಯಾಂಗರಿ?" ಎಂದರು.

ಮೊದಲನೆಯದಕ್ಕೆ ಉತ್ತರ ಸುಲಭ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 924ನೇ ವಿಧಿಯ ಪ್ರಕಾರ ಬಲಿಪೂಜೆಯ ರಸ ದ್ರಾಕ್ಷಿಯಿಂದಲೇ ಆದದ್ದಾಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು. ಬಣ್ಣದ ಮಾತು ಅಲ್ಲಿಲ್ಲ. ಪೀಠದ ಬಟ್ಟೆಗೆ ಕಲೆಯಾಗದೆಂದು ಬಿಳಿಯದನ್ನೇ ಇಷ್ಟಪಡುವ ಗುರುಗಳು ಬಹಳ ಮಂದಿ. ಆದರೆ ಅಂಗಡಿಯ ಬಾಟಲಿಯೊಳಗೆ ಏನು ಸೇರಿದೆಯೋ ಯಾರು ಬಲ್ಲರು? ಈ ವಿಷಯದಲ್ಲಿ ಧರ್ಮಾಧ್ಯಕ್ಷರು ನಿಗಾ ಇಡಬೇಕೆಂದು ರೋಮ್ 2017ರಲ್ಲಿ ಪತ್ರ ಬರೆದು ನೆನಪಿಸಿತು. ಆದ್ದರಿಂದ ಒಪ್ಪಿಗೆ ಪಡೆದ ಕಡೆಯಿಂದ ಬಂದುದನ್ನೇ ನಾವು ಬಳಸುತ್ತೇವೆ. ಕ್ರಿಸ್ಮಸ್ಸಿಗೆ ನೀವು ಮನೆಯಲ್ಲಿ ಸಕ್ಕರೆ, ಈಸ್ಟು, ಬೀಟ್‌ರೂಟ್ ಹಾಕಿ ಮಾಡುವ 'ವೈನ್' ರುಚಿಯಾಗಿರಬಹುದು, ಪೂಜಾಪಾತ್ರೆಗೆ ಮಾತ್ರ ಸಲ್ಲದು.

ಇನ್ನು ಮಾವನವರ ಪ್ರಶ್ನೆ. ಇದು ಒಂದು ಮನೆಯ ಅನ್ನದ ಪ್ರಶ್ನೆಯಾದ್ದರಿಂದ ನಾವು ಸ್ವಲ್ಪ ಓದಿಯೇ ಉತ್ತರ ಕೊಟ್ಟೆವು.

ಸೊಆವೆ ಎಂಬುದು ಇಟಲಿಯ ವೆರೋನಾ ನಗರದ ಪೂರ್ವಕ್ಕಿರುವ ಊರು. ಅಲ್ಲಿಯ ದ್ರಾಕ್ಷಿಯ ಹೆಸರು ಗಾರ್ಗಾನೆಗ. ಸೊಆವೆ ಎಂದು ಹೆಸರಿಡಬೇಕಾದರೆ ನೂರಕ್ಕೆ 70 ಭಾಗವಾದರೂ ಈ ಹಣ್ಣಿರಬೇಕು. ಉಳಿದುದಕ್ಕೆ ಮುಖ್ಯವಾಗಿ ತ್ರೆಬ್ಬಿಯಾನೊ ದಿ ಸೊಆವೆ, ಶಾರ್ಡೊನೆ ಸೇರಿಸಬಹುದು. ರಸ ತೆಳು, ಸಿಹಿ ಇಲ್ಲ, ಕೊನೆಗೆ ಬಾದಾಮಿಯಂಥ ಒಂದು ಸಣ್ಣ ಕಹಿ. ಬಳ್ಳಿಯನ್ನು ತಲೆಯ ಮೇಲೆ ಹಬ್ಬಿಸುವ ಚಪ್ಪರಕ್ಕೆ ಅವರು ಪೆರ್ಗೊಲಾ ಎನ್ನುತ್ತಾರೆ. ಎಲೆಯ ನೆರಳಿನಿಂದ ಗೊನೆ ಸುಡುವುದಿಲ್ಲ. ಮಣ್ಣಿನಲ್ಲೂ ನೆಂಟಸ್ತಿಕೆ ಉಂಟು: ಅಲ್ಲಿಯ ಹಲವು ಗುಡ್ಡಗಳು ಜ್ವಾಲಾಮುಖಿಯ ಕಪ್ಪು ಕಲ್ಲಿನವು, ವಿಜಯಪುರದ ಎರೆಯೂ ಅಂಥ ಕಲ್ಲು ಕರಗಿ ಆದದ್ದೇ. ಇನ್ನೊಂದು ಸಂಗತಿ ಮಾವನವರನ್ನು ನಗಿಸಿತು. ಅದೇ ಗಾರ್ಗಾನೆಗವನ್ನು ಅಲ್ಲಿ ತಿಂಗಳುಗಟ್ಟಲೆ ತಟ್ಟೆಗಳಲ್ಲಿ ಒಣಗಿಸಿ, ಆಮೇಲೆ ಹಿಂಡಿ 'ರೆಚೋತೊ' ಎಂಬ ಸಿಹಿ ರಸ ಮಾಡುತ್ತಾರೆ. "ಅಂದ್ರ ನಮ್ಮ ಮಣೂಕ ಶೆಡ್ ಅಲ್ಲೂ ಐತಿ ಅನ್ರಿ" ಎಂದರು.

ಹೋಲಿಕೆ ಇಲ್ಲಿಗೆ ಮುಗಿಯಿತು. ವೆರೋನಾದಲ್ಲಿ ಚಳಿಗಾಲಕ್ಕೆ ಬಳ್ಳಿ ಮಲಗುತ್ತದೆ. ವರ್ಷಕ್ಕೆ ಒಂದೇ ಚಾಟನಿ, ಒಂದೇ ಬೆಳೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟನಿ ಕಡ್ಡಿಗೆ, ಅಕ್ಟೋಬರ್ ಚಾಟನಿ ಹಣ್ಣಿಗೆ. ಗೋವೆಯಲ್ಲಿ ಮನೆ ಹಿತ್ತಲಿಗೆ ದ್ರಾಕ್ಷಿ ಹಚ್ಚುತ್ತೇವೆನ್ನುವವರಿಗೂ ಇಲ್ಲೇ ಒಂದು ಮಾತು: ಇಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಬೂಜು ತುಪ್ಪಟ ರೋಗಕ್ಕೆ ಹಬ್ಬ. ಔಷಧಿ ಹೊಡೆದು ಸೋಲುವಿರಿ.

ಮುಖ್ಯ ಅಡ್ಡಿ ಹವೆಯಲ್ಲ, ಕೊಳ್ಳುವವರು. ಥಾಮ್ಸನ್ ಹಣ್ಣಿಗೆ ಪೇಟೆಯಲ್ಲಿ ದರ ಬೀಳಲಿ, ಒಣಗಿಸಿ ತಾಸಗಾಂವಿಗೋ ಸಾಂಗಲಿಗೋ ಒಯ್ಯಬಹುದು. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು. ಕಾರ್ಖಾನೆ ಬೇಡವೆಂದರೆ ಬೇರೆ ಗಿರಾಕಿ ಸಿಗುವುದು ಕಷ್ಟ. 2008ರ ನಂತರದ ಆರ್ಥಿಕ ಹಿಂಜರಿತದಲ್ಲಿ ಮಹಾರಾಷ್ಟ್ರದ ಕಾರ್ಖಾನೆಗಳು ಖರೀದಿ ಇಳಿಸಿದಾಗ ಎಷ್ಟೋ ರೈತರು ಸಾಲ ಮಾಡಿ ಬೆಳೆಸಿದ ಬಳ್ಳಿಗಳನ್ನು ಕಿತ್ತುಹಾಕಿದರು. ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿಯನ್ನು ತಂದಿದೆ ನಿಜ. ನೀತಿಯು ನಿಮ್ಮ ಹಣ್ಣನ್ನು ಕೊಳ್ಳುವುದಿಲ್ಲ. ನಮ್ಮ ದೇಶದ ಕಾರ್ಖಾನೆಗಳು ಬಿಳಿ ರಸಕ್ಕೆ ಹೆಚ್ಚಾಗಿ ಕೇಳುವುದು ಶೆನಿನ್ ಬ್ಲಾಂಕ್, ಸೊವಿನ್ಯೋನ್ ಬ್ಲಾಂಕ್ ತಳಿಗಳನ್ನು, ಗಾರ್ಗಾನೆಗವನ್ನಲ್ಲ. ಯಾರೇ ಆಗಲಿ, ದರ ಮತ್ತು ವರ್ಷಗಳನ್ನು ಬರೆದ ಕರಾರುಪತ್ರ ಕೈಗೆ ಬರುವ ಮೊದಲು ಒಂದು ಬಳ್ಳಿಯನ್ನೂ ಕೀಳಬೇಡಿರಿ. ಸೊಆವೆಯವರೂ ಒಮ್ಮೆ ಗುಡ್ಡ ಬಿಟ್ಟು ಬಯಲಿಗಿಳಿದು, ಇಳುವರಿಯ ಆಸೆಗೆ ನೀರಿನಂಥ ರಸ ಮಾಡಿ ಹೆಸರು ಕೆಡಿಸಿಕೊಂಡಿದ್ದರು. ಅದನ್ನು ತಿದ್ದಲು ಅವರಿಗೆ ದಶಕಗಳೇ ಬೇಕಾದವು.

ಆರೋಗ್ಯದ ಮಾತನ್ನೂ ಹೇಳಿಬಿಡೋಣ. 'ಇದು ಹಗುರ, ಸಾರಾಯಿಯಲ್ಲ' ಎಂದು ಯುವಕರು ನಮಗೆ ಸಮಜಾಯಿಷಿ ಕೊಡುತ್ತಾರೆ. ಲೆಕ್ಕ ನೋಡಿರಿ: ಸೊಆವೆಯಲ್ಲಿ ಮದ್ಯಸಾರ ಸುಮಾರು ಶೇ. 12. ಅದರ 100 ಮಿ.ಲೀ. ಒಂದು ಸಣ್ಣ ಪೆಗ್ಗು, ಅಂದರೆ 30 ಮಿ.ಲೀ. ಫೆನಿಗೆ ಹೆಚ್ಚುಕಡಿಮೆ ಸಮ. 750 ಮಿ.ಲೀ. ಬಾಟಲಿಯನ್ನು ಒಬ್ಬನೇ ಮುಗಿಸಿದರೆ ಏಳು ಪೆಗ್ಗು ಕುಡಿದ ಹಾಗೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿದ್ದು 1988ರಲ್ಲೇ. ಸಿಹಿ ಇಲ್ಲವೆಂದು ಸಕ್ಕರೆ ಕಾಯಿಲೆಯವರು ಧೈರ್ಯ ಮಾಡಬಾರದು: ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಕ್ಷಯದ ಮಾತ್ರೆ ನುಂಗುವವರ ಯಕೃತ್ತಿಗೂ ಇದು ಕೇಡು.

ಕುಡಿತ ಬಿಟ್ಟ ಬಾಂಧವರೊಬ್ಬರು, ಪೂಜಾಪಾತ್ರೆಯಿಂದ ಸ್ವೀಕರಿಸದಿದ್ದರೆ ಪಾಪವೇ ಎಂದು ನಮ್ಮನ್ನು ಗುಟ್ಟಾಗಿ ಕೇಳಿದ್ದುಂಟು. ಇಲ್ಲ. ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಕ್ರಿಸ್ತರು ಪೂರ್ಣವಾಗಿಯೇ ದೊರೆಯುತ್ತಾರೆ. ಅವರು ನಿಶ್ಚಿಂತೆಯಿಂದಿರಲಿ.

ಮಾವನವರು ಏಪ್ರಿಲ್ ಚಾಟನಿಗೆ ಊರಿಗೆ ಹೊರಟರು, ಥಾಮ್ಸನ್ನಿಗೇ. ವೈನ್ ತಳಿಗಳ ಬಗ್ಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೂ ಪುಣೆಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲೂ ವಿಚಾರಿಸಿರೆಂದು ನಾವು ಚೀಟಿ ಬರೆದು ಕೊಟ್ಟಿದ್ದೇವೆ. ಇತರರಿಗೂ ಬೇಕಾದರೆ ಭಾನುವಾರದ ಪೂಜೆಯ ನಂತರ ಕಚೇರಿಗೆ ಬರಬಹುದು.