ಒತ್ತಡ ಸಡಿಲಿಸುವ ಕ್ಷಣ

ಕುದುರೆಯನ್ನು ಪಳಗಿಸುವುದೆಂದರೆ ಅದರ ಹಟ ಮುರಿಯುವುದೆಂಬ ಹಳೆಯ ನಂಬಿಕೆ ಇನ್ನೂ ಪೂರ್ತಿ ಅಳಿದಿಲ್ಲ. ಆದರೆ ಬಯಲಿನಲ್ಲಿ ಗುಂಪಾಗಿ ಮೇಯುತ್ತ, ಅಪಾಯದ ಸುಳಿವು ಸಿಕ್ಕೊಡನೆ ಓಡಿ ಜೀವ ಉಳಿಸಿಕೊಂಡು ಬಂದ ಈ ಪ್ರಾಣಿಯ ಬೆದರುವಿಕೆಯನ್ನು ಹಟವೆಂದು ತಿಳಿಯುವುದೇ ಮೊದಲ ತಪ್ಪು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಒಮ್ಮೆಗೇ ಕಂಡರೂ ಹಣೆಯ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಸ್ವಲ್ಪ ಜಾಗ ಕಾಣುವುದಿಲ್ಲ. ಆದಕಾರಣ ಅನುಭವಿ ಕಾಸ್ತಾರ, ಅಂದರೆ ಲಾಯದಲ್ಲಿ ಕುದುರೆಯ ಆರೈಕೆ ಮಾಡುವವನು, ಹೆಗಲಿನ ಪಕ್ಕದಿಂದ, ಮೆಲುದನಿಯಲ್ಲಿ ಮಾತಾಡುತ್ತ ಹತ್ತಿರ ಬರುತ್ತಾನೆ.

ಸವಾರ ಕಾಲಿನಿಂದ ಪಕ್ಕೆಯನ್ನು ಹಗುರವಾಗಿ ಒತ್ತಿದಾಗ ಅಥವಾ ಲಗಾಮನ್ನು ತುಸು ಬಿಗಿಹಿಡಿದಾಗ ಕುದುರೆ ಆ ಕಿರಿಕಿರಿಯಿಂದ ಪಾರಾಗುವ ದಾರಿ ಹುಡುಕುತ್ತದೆ. ಅದು ಸರಿಯಾದ ಹೆಜ್ಜೆ ಇಟ್ಟ ಕ್ಷಣವೇ ಒತ್ತಡ ಸಡಿಲಿದರೆ ಆ ಹೆಜ್ಜೆಯೇ ಉತ್ತರವೆಂದು ಕಲಿಯುತ್ತದೆ. ಮನಶ್ಶಾಸ್ತ್ರ ಇದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತದೆ. ಇಲ್ಲಿ ಋಣವೆಂದರೆ ಶಿಕ್ಷೆಯಲ್ಲ, ಇದ್ದುದನ್ನು ತೆಗೆದುಹಾಕುವುದು. ಸಡಿಲಿಕೆ ತಡವಾದರೆ ಕುದುರೆ ಬೇರಾವುದೋ ಚಲನೆಯನ್ನು ಉತ್ತರವೆಂದು ನೆನಪಿಟ್ಟುಕೊಳ್ಳುತ್ತದೆ, ಸಡಿಲಿಕೆಯೇ ಇಲ್ಲದಿದ್ದರೆ ಕ್ರಮೇಣ ಸೂಚನೆಗೆ ಜಡವಾಗುತ್ತದೆ, ಆಗ ಸವಾರನ ಕೈ ಚಾವಟಿಯತ್ತ ಹೋಗುತ್ತದೆ. ಬಹುತೇಕ 'ಮೊಂಡು' ಕುದುರೆಗಳು ಹೀಗೆ ಮನುಷ್ಯರ ಕೈಯಲ್ಲೇ ತಯಾರಾಗುತ್ತವೆ. ಇದಕ್ಕೆ ಜೊತೆಯಾಗಿ ಮೆಚ್ಚುಗೆಯ ವಿಧಾನವೂ ಉಂಟು: ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಕತ್ತಿನ ಬುಡವನ್ನು ಮನುಷ್ಯ ಕೆರೆದರೂ ಅವುಗಳ ಎದೆಬಡಿತ ನಿಧಾನವಾಗುತ್ತದೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಕುದುರೆ ಮನುಷ್ಯನ ದೇಹವನ್ನು ಎಷ್ಟು ಸೂಕ್ಷ್ಮವಾಗಿ ಗ್ರಹಿಸುತ್ತದೆಂಬುದಕ್ಕೆ ಬರ್ಲಿನ್‌ನ ಹಾನ್ಸ್ ಸಾಕ್ಷಿ. ಕಾಲು ಬಡಿದು ಲೆಕ್ಕ ಹೇಳುತ್ತದೆಂದು ಹೆಸರಾಗಿದ್ದ ಆ ಕುದುರೆ, ಉತ್ತರದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರು ಅರಿವಿಲ್ಲದೆ ತಲೆ ಅಲುಗಿಸುತ್ತಿದ್ದುದನ್ನು ನೋಡಿ ನಿಲ್ಲುತ್ತಿತ್ತೆಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದರು.

ಇದೇ ಸೂಕ್ಷ್ಮತೆ ಸ್ಪರ್ಧೆಯಲ್ಲೂ ಬೇಕು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿ ಸ್ಪರ್ಧೆಯಾದ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದು, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಎರಡೂ ಕಡೆ ಅವರ ಜೊತೆಗಿದ್ದದ್ದು ಒಂದೇ ಕುದುರೆ, ಸೆನ್ಯೂರ್ ಮೆಡಿಕಾಟ್. ಈವೆಂಟಿಂಗ್‌ನ ಮೂರು ಹಂತಗಳಲ್ಲಿ ಮೊದಲನೆಯದಾದ ಡ್ರೆಸಾಜ್‌ನಲ್ಲಿ ಸವಾರನ ಸೂಚನೆ ನೋಡುಗರಿಗೆ ಕಾಣದಷ್ಟು ಸಣ್ಣದಾಗಿದ್ದೂ ಕುದುರೆ ನಿರಾಳವಾಗಿ ಸ್ಪಂದಿಸಬೇಕು. ಅಂಥ ಹೊಂದಾಣಿಕೆ ವರ್ಷಗಟ್ಟಲೆ ಒಟ್ಟಿಗಿದ್ದು ಬರುವಂಥದು.

ಮೈಸೂರಿನಲ್ಲಿ ಪರೀಕ್ಷೆ ಬೇರೆ ಬಗೆಯದು. ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಸಿಡಿಯುವಾಗ ಪೊಲೀಸ್ ಅಶ್ವದಳದ ಕುದುರೆಗಳು ಸಾವಿರಾರು ಜನರ ನಡುವೆ ಬೆದರದೆ ಇರಬೇಕಾದ್ದರಿಂದ ದಸರಾಕ್ಕೆ ಮೊದಲೇ ಆನೆಗಳ ಜೊತೆ ಅವುಗಳಿಗೂ ಹಂತಹಂತವಾಗಿ ಸಿಡಿಮದ್ದಿನ ತಾಲೀಮು ನಡೆಯುತ್ತದೆ. ಸದ್ದು ಮತ್ತೆ ಮತ್ತೆ ಕೇಳಿ, ಅದರಿಂದ ಕೇಡಿಲ್ಲವೆಂದು ಕಂಡುಕೊಂಡ ಪ್ರಾಣಿ ಕ್ರಮೇಣ ಪ್ರತಿಕ್ರಿಯಿಸುವುದನ್ನು ಬಿಡುವುದಕ್ಕೆ ರೂಢಿಗೊಳ್ಳುವಿಕೆ ಎನ್ನುತ್ತಾರೆ. ದೂರದಿಂದ ತೊಡಗಿ, ಕಿವಿ ಸಡಿಲಾಗಿ, ತಲೆ ತಗ್ಗಿ, ಬಾಯಿ ಜಗಿಯುವಂತೆ ಆಡಿಸುವ ಲಕ್ಷಣಗಳನ್ನು ಕಂಡ ಮೇಲಷ್ಟೇ ಹತ್ತಿರ ತಂದರೆ ಈ ಪಾಠ ಉಳಿಯುತ್ತದೆ. ಗಾಬರಿಗೊಂಡ ಕುದುರೆಯನ್ನು ಕಟ್ಟಿಹಾಕಿ ಸದ್ದಿಗೆ ಒಡ್ಡಿದರೆ ಅದು ಕದಲದೆ ನಿಲ್ಲಬಹುದು, ಆದರೆ ಆ ನಿಲುವನ್ನು ನೆಮ್ಮದಿಯೆಂದು ಭ್ರಮಿಸಬಾರದು.

ಬೆಂಗಳೂರಿನ ಜರಗನಹಳ್ಳಿ, ಜೆ.ಪಿ. ನಗರದಂಥ ಬಡಾವಣೆಗಳಿಂದ ಮಕ್ಕಳನ್ನು ಸವಾರಿ ಶಾಲೆಗೆ ಸೇರಿಸಬಯಸುವ ಪಾಲಕರು ಮೈದಾನಕ್ಕಿಂತ ಮೊದಲು ಲಾಯವನ್ನು ನೋಡಬೇಕು: ಕುದುರೆಗಳ ಬಾಯಿಯ ಅಂಚಿನಲ್ಲಿ ಕಡಿವಾಣದ ಗಾಯಗಳಿವೆಯೇ, ಮನುಷ್ಯರು ಬಂದಾಗ ಅವು ಕಿವಿ ಹಿಂದಕ್ಕೆ ಮಡಚುತ್ತವೆಯೇ ಅಥವಾ ಮುಂದೆ ಚಾಚುತ್ತವೆಯೇ, ಜೀನು ಏರಿಸುವ ಮೊದಲು ಮೈ ಉಜ್ಜುವುದನ್ನೂ ಗೊರಸು ಶುಚಿ ಮಾಡುವುದನ್ನೂ ಮಕ್ಕಳಿಗೆ ಕಲಿಸುತ್ತಾರೆಯೇ, ದಣಿದ ಕುದುರೆಗೆ ಬಿಡುವುಂಟೇ ಎಂದು ಕೇಳಿ ತಿಳಿಯಬೇಕು.