ಅಂಕಿತ ಒಬ್ಬರದು, ರಚನೆ ಇನ್ನೊಬ್ಬರದು: ಅಮೆರಿಕದ ಕಾಮಿಕ್ಸ್ ಅಭಿಮಾನಿಗಳ ಚರ್ಚೆ ಮತ್ತು ಕರ್ತೃತ್ವದ ಪ್ರಶ್ನೆ

ಅಂಕಿತದ ಆಧಾರದಿಂದ ವಚನಕಾರರನ್ನು ಗುರುತಿಸುವುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪರಿಚಿತವಾದ ಕ್ರಮ. ಅಂಕಿತವೇ ಇಲ್ಲದ, ಅಥವಾ ಅಂಕಿತ ಒಬ್ಬರದಾಗಿ ರಚನೆ ಇನ್ನೊಬ್ಬರದಾಗಿರುವ ಪಠ್ಯರಾಶಿ ಎದುರಾದಾಗ ಕರ್ತೃನಿರ್ಣಯ ಹೇಗೆ ನಡೆಯಬೇಕು? ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದಲ್ಲಿ ಹತ್ತು ಸೆಂಟಿಗೆ ಮಾರಾಟವಾಗುತ್ತಿದ್ದ ಕಾಮಿಕ್ಸ್ ಪುಸ್ತಿಕೆಗಳು ಅಂಥದೊಂದು ಪಠ್ಯರಾಶಿ. ಓದಿ ಎಸೆಯುವುದಕ್ಕೆಂದೇ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಅವುಗಳ ಕಾಲ, ಕರ್ತೃ ಮತ್ತು ಪರಂಪರೆಗಳನ್ನು ವ್ಯವಸ್ಥಿತವಾಗಿ ವಿಚಾರಿಸಲು ಮೊದಲು ಮುಂದಾದವರು ವಿಶ್ವವಿದ್ಯಾಲಯಗಳ ಸಾಹಿತ್ಯ ವಿಭಾಗಗಳಲ್ಲ. ಹಳೆಯ ಸಂಚಿಕೆಗಳನ್ನೂ ಟೆಲಿವಿಷನ್ ಧಾರಾವಾಹಿಗಳನ್ನೂ ಕುರಿತು ಪರಸ್ಪರ ಪತ್ರ ಬರೆದುಕೊಳ್ಳುತ್ತಿದ್ದ ಅಭಿಮಾನಿಗಳು. ಬಹುಕಾಲ ಬಾಲಿಶವೆಂದು ಪರಿಗಣಿತವಾದ ಆ ಚರ್ಚೆ ಒಂದು ಬಗೆಯ ವಿದ್ವತ್ತಾಗಿ ಬೆಳೆದ ಬಗೆಯನ್ನು, ಅದರಿಂದ ಒಬ್ಬ ಲೇಖಕನ ಹೆಸರು ಉಳಿದು ಬಂದ ರೀತಿಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿಳಾಸ ಎಂಬ ಸೇತುವೆ

ಈ ಚರ್ಚೆಯ ಮೂಲ ಕಾಮಿಕ್ಸ್‌ಗಿಂತ ಹಿಂದಿನದು. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆ ಓದುಗರ ಪತ್ರಗಳನ್ನು ಅವರ ವಿಳಾಸದೊಂದಿಗೆ ಪ್ರಕಟಿಸುತ್ತಿತ್ತು. ಸಂಪಾದಕನಿಗೆ ಬರೆದ ಪತ್ರವನ್ನು ಕಂಡ ಇನ್ನೊಬ್ಬ ಓದುಗ ನೇರವಾಗಿ ಪತ್ರಲೇಖಕನಿಗೇ ಬರೆಯತೊಡಗಿದ. ದೂರದೂರದ ಊರುಗಳಲ್ಲಿ ಒಂಟಿಯಾಗಿದ್ದ ಓದುಗರು ಹೀಗೆ ಒಂದು ಬಳಗವಾದರು. ತಾವೇ ಬೆರಳಚ್ಚು ಮಾಡಿ ಕೆಲವೇ ಪ್ರತಿಗಳಲ್ಲಿ ಹಂಚುವ ಪತ್ರಿಕೆಗಳನ್ನು ಹೊರತಂದರು. ಇಂಥ ಅಭಿಮಾನಿ ಪತ್ರಿಕೆಗೆ ಫ್ಯಾನ್‌ಜೀನ್ ಎಂಬ ಹೆಸರು ಬಂದದ್ದು 1940ರಲ್ಲಿ.

ಸೂಪರ್‌ಮ್ಯಾನ್ ಹುಟ್ಟಿದ್ದೂ ಈ ಪರಿಸರದಲ್ಲಿಯೇ. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಯುವಕರು ತಮ್ಮದೇ ಫ್ಯಾನ್‌ಜೀನ್‌ನಲ್ಲಿ 1933ರಷ್ಟು ಹಿಂದೆಯೇ ಆ ಹೆಸರಿನ ಪಾತ್ರವನ್ನು, ಆದರೆ ಖಳನಾಗಿ, ಚಿತ್ರಿಸಿದ್ದರು. ನಾಯಕನಾದ ಸೂಪರ್‌ಮ್ಯಾನ್ 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ. 1932ರಲ್ಲಿ ‘ದಿ ಟೈಮ್ ಟ್ರಾವೆಲರ್’ ಎಂಬ ಅಭಿಮಾನಿ ಪತ್ರಿಕೆಯನ್ನು ಹೊರತಂದವರಲ್ಲಿ ಮಾರ್ಟ್ ವೈಸಿಂಗರ್ ಮತ್ತು ಜೂಲಿಯಸ್ ಶ್ವಾರ್ಟ್ಸ್ ಇದ್ದರು. ಇಬ್ಬರೂ ಮುಂದೆ ಡಿ.ಸಿ. ಕಾಮಿಕ್ಸ್‌ನ ಸಂಪಾದಕರಾದರು. ಅಭಿಮಾನಿ ಮತ್ತು ವೃತ್ತಿನಿರತ ಎಂಬ ಭೇದ ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ತೆಳುವಾದದ್ದು.

ಶ್ವಾರ್ಟ್ಸ್ ತನ್ನ ಯೌವನದ ಅನುಭವವನ್ನು ಮರೆಯಲಿಲ್ಲ. 1956ರ ‘ಶೋಕೇಸ್’ ನಾಲ್ಕನೆಯ ಸಂಚಿಕೆಯಲ್ಲಿ ಫ್ಲ್ಯಾಶ್ ಎಂಬ ಹಳೆಯ ನಾಯಕನನ್ನು ಹೊಸ ರೂಪದಲ್ಲಿ ತಂದ ಆತ, 1960ರ ದಶಕದ ಆರಂಭದಲ್ಲಿ ತನ್ನ ಸಂಪಾದಕತ್ವದ ಕಾಮಿಕ್ಸ್‌ಗಳ ಪತ್ರ ವಿಭಾಗದಲ್ಲಿ ಓದುಗರ ಪೂರ್ಣ ವಿಳಾಸ ಅಚ್ಚುಹಾಕತೊಡಗಿದ. ಅದೇ ಹೊತ್ತಿಗೆ, 1961ರ ಮಾರ್ಚ್‌ನಲ್ಲಿ, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಾಪಕ ಜೆರ್ರಿ ಬೇಲ್ಸ್, ಮಿಸೌರಿಯ ತರುಣ ರಾಯ್ ಥಾಮಸ್‌ನ ಸಹಕಾರದೊಂದಿಗೆ ‘ಆಲ್ಟರ್ ಈಗೊ’ ಪತ್ರಿಕೆಯನ್ನು ಆರಂಭಿಸಿದ. ಅವರಿಬ್ಬರನ್ನು ಕೂಡಿಸಿದ್ದು 1951ರಲ್ಲಿ ನಿಂತುಹೋಗಿದ್ದ ‘ಆಲ್-ಸ್ಟಾರ್ ಕಾಮಿಕ್ಸ್’ ಮೇಲಿನ ಪ್ರೀತಿ. ಪತ್ರ ವಿಭಾಗಗಳಲ್ಲಿ ದೊರೆತ ವಿಳಾಸಗಳೇ ಹೊಸ ಪತ್ರಿಕೆಗೆ ಓದುಗರನ್ನು ಒದಗಿಸಿದವು.

ಹೆಸರಿಲ್ಲದ ಪುಟಗಳು

ಈ ಬಳಗದ ಮೊದಲ ಕೆಲಸ ಪಟ್ಟಿ ಮಾಡುವುದು. ಯಾವ ಸಂಚಿಕೆಯಲ್ಲಿ ಯಾವ ಕಥೆ, ಯಾವ ಪಾತ್ರದ ಪ್ರವೇಶ ಎಂದು, ಯಾವುದು ಮರುಮುದ್ರಣ ಎಂಬ ವಿವರಗಳು ಎಲ್ಲಿಯೂ ದಾಖಲಾಗಿರಲಿಲ್ಲ. ಅದಕ್ಕಿಂತ ಕಠಿಣವಾದದ್ದು ಕರ್ತೃಗಳ ಪ್ರಶ್ನೆ. ಆ ಕಾಲದ ಬಹುಪಾಲು ಕಾಮಿಕ್ಸ್ ಕಥೆಗಳಲ್ಲಿ ಬರೆದವರ ಹೆಸರಾಗಲಿ, ಚಿತ್ರಿಸಿದವರ ಹೆಸರಾಗಲಿ ಇರುತ್ತಿರಲಿಲ್ಲ. ಪುಟದ ದರಕ್ಕೆ ಕೆಲಸ ಮಾಡಿದವರ ಹಕ್ಕೆಲ್ಲವೂ ಪ್ರಕಾಶಕನಿಗೆ ಸೇರುತ್ತಿತ್ತು.

ಅಭಿಮಾನಿಗಳು ಅನುಸರಿಸಿದ ಮಾರ್ಗ ಹಸ್ತಪ್ರತಿಶಾಸ್ತ್ರದ ಪರಿಚಯವಿದ್ದವರಿಗೆ ಹೊಸತೆನಿಸದು. ಬೆರಳುಗಳನ್ನು ಬಿಡಿಸುವ ರೀತಿ, ನೆರಳಿಗೆ ಎಳೆದ ಶಾಯಿಗೆರೆ, ಅಕ್ಷರದ ತಿರುವು, ಸಂಭಾಷಣೆಯಲ್ಲಿ ಮರುಕಳಿಸುವ ನುಡಿ ಇವುಗಳಿಂದ ಅವರು ಒಂದು ಕೈಯನ್ನು ಇನ್ನೊಂದರಿಂದ ಬೇರ್ಪಡಿಸಿದರು. ಡಿಸ್ನಿ ಕಾಮಿಕ್ಸ್‌ನಲ್ಲಿ ಡೊನಾಲ್ಡ್ ಡಕ್ ಕಥೆಗಳನ್ನು ಹೆಸರಿಲ್ಲದೆ ರಚಿಸುತ್ತಿದ್ದ ಕಾರ್ಲ್ ಬಾರ್ಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಓದುಗರು ಆತನ ಕೈಯನ್ನು ಬಹು ಮೊದಲೇ ಗುರುತಿಸಿ, ಹೆಸರು ತಿಳಿಯದ್ದರಿಂದ ‘ಒಳ್ಳೆಯ ಬಾತುಕೋಳಿ ಚಿತ್ರಕಾರ’ ಎಂದೇ ಕರೆಯುತ್ತಿದ್ದರು. ಹೆಸರು ತಿಳಿದದ್ದು 1960ರ ಸುಮಾರಿಗೆ.

ಅಂತರಂಗ ಸಾಕ್ಷ್ಯಕ್ಕೆ ಬೇಲ್ಸ್ ಬಹಿರಂಗ ಸಾಕ್ಷ್ಯವನ್ನೂ ಕೂಡಿಸಿದ. ಬದುಕಿದ್ದ ಕಲಾವಿದರಿಗೂ ಬರಹಗಾರರಿಗೂ ಪ್ರಶ್ನಾವಳಿ ಕಳುಹಿಸಿ ಉತ್ತರಗಳನ್ನು ಸಂಗ್ರಹಿಸಿದ. ಹೇಮ್ಸ್ ವೇರ್ ಜೊತೆಗೂಡಿ ಆತ ಸಂಪಾದಿಸಿದ ‘ದಿ ಹೂಸ್ ಹೂ ಆಫ್ ಅಮೆರಿಕನ್ ಕಾಮಿಕ್ ಬುಕ್ಸ್’ 1973ರಿಂದ 1976ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ಬಲ್ಲ ಓದುಗರಿಗೆ ಈ ಶ್ರಮದ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ವಿಮರ್ಶೆಗೆ ಮುನ್ನ ಯಾರು, ಯಾವಾಗ, ಏನನ್ನು ರಚಿಸಿದರು ಎಂಬುದು ನೆಲೆಗೊಳ್ಳಬೇಕು.

ಬಿಲ್ ಫಿಂಗರ್ ಪ್ರಕರಣ

ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ. ಅದರ ಮೇಲಿದ್ದ ಅಂಕಿತ ಬಾಬ್ ಕೇನ್ ಎಂಬ ಚಿತ್ರಕಾರನದು. ಪ್ರಕಾಶಕರೊಡನೆ ಆತ ಮಾಡಿಕೊಂಡ ಒಪ್ಪಂದದ ಬಲದಿಂದ ದಶಕಗಳವರೆಗೆ ಆ ಒಂದೇ ಹೆಸರು ಮುಂದುವರಿಯಿತು. ಆದರೆ ಮೊದಲ ಕಥೆಯನ್ನು ಬರೆದವನು ಬಿಲ್ ಫಿಂಗರ್. ಬಿರುಸಾದ ರೆಕ್ಕೆಗಳ ಬದಲು ಮೇಲಂಗಿ, ಕಣ್ಪಟ್ಟಿಯ ಬದಲು ಬಾವಲಿಯ ಕಿವಿಗಳುಳ್ಳ ಮುಸುಕು, ಕಪ್ಪು ಛಾಯೆಯ ಉಡುಪು, ಬ್ರೂಸ್ ವೇಯ್ನ್ ಎಂಬ ಹೆಸರು ಇವು ಆತನ ಸಲಹೆಗಳು. ಮುಂದಿನ ಎರಡು ದಶಕಗಳಿಗೂ ಮೀರಿ ಆತ ಬ್ಯಾಟ್‌ಮ್ಯಾನ್ ಕಥೆಗಳನ್ನು ಹೆಸರಿಲ್ಲದೆ ಬರೆದ. ದೈತ್ಯಾಕಾರದ ಟೈಪ್‌ರೈಟರ್‌ನಂಥ ವಸ್ತುಗಳ ನಡುವೆ ನಡೆಯುವ ಹೋರಾಟಗಳು ಆತನ ಕಥೆಗಳ ಗುರುತಾಗಿದ್ದವು.

ಈ ಮೌನ ಮುರಿದದ್ದು ಓದುಗರ ಚರ್ಚೆಯ ವಲಯದಲ್ಲಿ. 1965ರ ಫೆಬ್ರವರಿ ಸಂಚಿಕೆಯ ‘ಬ್ಯಾಟ್‌ಮ್ಯಾನ್’ ಪತ್ರ ವಿಭಾಗದಲ್ಲಿ ಶ್ವಾರ್ಟ್ಸ್ ಫಿಂಗರ್‌ನ ಹೆಸರನ್ನು ಪ್ರಸ್ತಾಪಿಸಿದ. ಅದೇ ವರ್ಷದ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಭಿಮಾನಿಗಳ ಸಮ್ಮೇಳನದಲ್ಲಿ ಫಿಂಗರ್ ವೇದಿಕೆಯೇರಿ ಮಾತನಾಡಿದ. ಆತನನ್ನು ಸಂದರ್ಶಿಸಿದ ಬೇಲ್ಸ್, ಬ್ಯಾಟ್‌ಮ್ಯಾನ್ ಸೃಷ್ಟಿಯಲ್ಲಿ ಆತನ ಪಾಲೇನೆಂಬುದನ್ನು ವಿವರಿಸುವ ಎರಡು ಪುಟಗಳ ಲೇಖನವನ್ನು ಸೆಪ್ಟೆಂಬರ್‌ನಲ್ಲಿ ಬರೆದ. ಸದಸ್ಯರೇ ಬರೆದು ಸದಸ್ಯರಿಗಷ್ಟೇ ಅಂಚೆಯಲ್ಲಿ ಕಳುಹಿಸುವ ‘ಕಾಪಾ-ಆಲ್ಫಾ’ ಎಂಬ ಹವ್ಯಾಸಿ ಸಂಕಲನದಲ್ಲಿ ಅದು ಹೊರಬಂದಿತು.

ಕೇನ್‌ನ ಪ್ರತಿಕ್ರಿಯೆ ಗಮನಾರ್ಹವಾದದ್ದು. ತಾನೊಬ್ಬನೇ ಸೃಷ್ಟಿಕರ್ತನೆಂದು ಸಾಧಿಸುವ ದೀರ್ಘ ಪತ್ರವನ್ನು ಆತ ಬರೆದದ್ದು ದೊಡ್ಡ ದಿನಪತ್ರಿಕೆಗಲ್ಲ, ‘ಬ್ಯಾಟ್‌ಮೇನಿಯಾ’ ಎಂಬ ಇನ್ನೊಂದು ಅಭಿಮಾನಿ ಪತ್ರಿಕೆಗೆ. ಯಾರೂ ಲೆಕ್ಕಿಸದಂತಿದ್ದ ಈ ಪುಟಗಳಲ್ಲಿ ನಡೆಯುತ್ತಿದ್ದ ವಿಚಾರಣೆಯ ತೂಕ ಆತನಿಗೆ ತಿಳಿದಿತ್ತು.

ಫಿಂಗರ್ 1974ರಲ್ಲಿ ತೀರಿಕೊಂಡಾಗ ಆತನ ಹೆಸರು ಅಧಿಕೃತ ಮನ್ನಣೆ ಪಡೆದಿರಲಿಲ್ಲ. 1989ರ ಆತ್ಮಕಥೆಯಲ್ಲಿ ಕೇನ್ ಫಿಂಗರ್‌ನ ಕೊಡುಗೆಯನ್ನು ಒಪ್ಪಿಕೊಂಡ. ಆದರೂ ಮುದ್ರಿತ ಅಂಕಿತ ಬದಲಾಗಲಿಲ್ಲ. 2005ರಲ್ಲಿ, ಮನ್ನಣೆ ದೊರೆಯದ ಕಾಮಿಕ್ಸ್ ಬರಹಗಾರರಿಗಾಗಿ ಫಿಂಗರ್ ಹೆಸರಿನ ಪ್ರಶಸ್ತಿ ಸ್ಥಾಪನೆಯಾಯಿತು. 2012ರಲ್ಲಿ ಮಾರ್ಕ್ ಟೈಲರ್ ನೋಬಲ್‌ಮನ್ ಬರೆದ ಜೀವನಚರಿತ್ರೆ, ಅದಕ್ಕಾಗಿ ನಡೆದ ಶೋಧದಲ್ಲಿ ಪತ್ತೆಯಾದ ಮೊಮ್ಮಗಳು, ಆಕೆಯ ಹಕ್ಕೊತ್ತಾಯ ಇವೆಲ್ಲ ಸೇರಿ, 2015ರ ಸೆಪ್ಟೆಂಬರ್‌ನಲ್ಲಿ ಡಿ.ಸಿ. ಸಂಸ್ಥೆ ಕೇನ್‌ನೊಂದಿಗೆ ಫಿಂಗರ್‌ನ ಹೆಸರನ್ನೂ ನಮೂದಿಸುವುದಾಗಿ ಪ್ರಕಟಿಸಿತು. ಬೇಲ್ಸ್‌ನ ಎರಡು ಪುಟಗಳಿಗೆ ಆಗ ಸರಿಯಾಗಿ ಐವತ್ತು ವರ್ಷ. ನ್ಯಾಯ ದೊರಕಿಸಿದ್ದು ಆ ಲೇಖನವೊಂದೇ ಎನ್ನಲಾಗದು. ಆದರೆ ಫಿಂಗರ್ ಬದುಕಿದ್ದಾಗಲೇ ಆತನ ಮಾತನ್ನು ದಾಖಲಿಸಿಟ್ಟ ಆಕರ ಇಲ್ಲದಿದ್ದರೆ ಮುಂದಿನವರ ವಾದಕ್ಕೆ ನೆಲೆಯೇ ದುರ್ಬಲವಾಗುತ್ತಿತ್ತು.

ಟೆಲಿವಿಷನ್ ಮತ್ತು ನೆನಪಿನ ರಕ್ಷಣೆ

ಫಿಂಗರ್‌ನ ಹೆಸರು ಆತನ ಜೀವಿತಕಾಲದಲ್ಲಿ ಬ್ಯಾಟ್‌ಮ್ಯಾನ್‌ನೊಂದಿಗೆ ಬಹಿರಂಗವಾಗಿ ಕಾಣಿಸಿಕೊಂಡ ಅಪರೂಪದ ಜಾಗ ಟೆಲಿವಿಷನ್ ತೆರೆ. 1966ರಲ್ಲಿ ಪ್ರಸಾರವಾದ ಕ್ಲಾಕ್ ಕಿಂಗ್ ಎಂಬ ಖಳನ ಎರಡು ಕಂತುಗಳ ಕಥೆಯನ್ನು ಆತ ಚಾರ್ಲ್ಸ್ ಸಿಂಕ್ಲೇರ್ ಜೊತೆ ಬರೆದಿದ್ದ. ಆ್ಯಡಮ್ ವೆಸ್ಟ್ ನಟಿಸಿದ ಆ ಧಾರಾವಾಹಿ 1966ರ ಜನವರಿಯಿಂದ 1968ರ ಮಾರ್ಚ್‌ವರೆಗೆ 120 ಕಂತುಗಳಲ್ಲಿ ಸಾಗಿತು. ಗಂಭೀರ ಮುಖದ ಹಾಸ್ಯವೇ ಅದರ ಜೀವಾಳ. ಕಾಮಿಕ್ಸ್ ಗೌರವಯುತ ಕಲೆಯೆಂದು ವಾದಿಸುತ್ತಿದ್ದ ಅಭಿಮಾನಿಗಳಲ್ಲಿ ಅನೇಕರಿಗೆ ಅದು ತಮ್ಮನ್ನೇ ಅಣಕಿಸಿದಂತೆ ತೋರಿತು. ಬಾಲ್ಯದಲ್ಲಿ ಅದನ್ನು ಕಂಡ ಮುಂದಿನ ತಲೆಮಾರಿಗೆ ಅದೇ ಪ್ರಿಯವಾದ ಪಾಠವಾಯಿತು. ಮೂಲನಿಷ್ಠೆ ಎಂದರೇನು ಎಂಬ ಚರ್ಚೆ ಇಂದಿಗೂ ಈ ಧಾರಾವಾಹಿಯನ್ನು ಬಿಟ್ಟು ನಡೆಯುವುದಿಲ್ಲ.

ಪುಸ್ತಿಕೆಯನ್ನು ಪೆಟ್ಟಿಗೆಯಲ್ಲಿಡಬಹುದು, ವಿಡಿಯೊ ಟೇಪು ಮನೆಗಳಿಗೆ ಬರುವ ಮುನ್ನ ಪ್ರಸಾರವಾದ ಕಂತು ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಆದ್ದರಿಂದಲೇ ಟೆಲಿವಿಷನ್ ಅಭಿಮಾನಿಗಳು ಕಂತುಗಳ ಕೈಪಿಡಿಗಳನ್ನು ರಚಿಸಿದರು. ‘ಸ್ಟಾರ್ ಟ್ರೆಕ್’ ಮೂರನೆಯ ವರ್ಷಕ್ಕೆ ಮುಂದುವರಿಯಲೆಂದು 1967-68ರಲ್ಲಿ ಪತ್ರ ಚಳವಳಿ ನಡೆಸಿದ ಬಿಜೋ ಟ್ರಿಂಬಲ್, 1969ರಲ್ಲಿ ಆ ಧಾರಾವಾಹಿಯ ವಿಷಯಕೋಶವನ್ನೂ ಹೊರತಂದಳು. ಬ್ರಿಟನ್ನಿನ ‘ಡಾಕ್ಟರ್ ಹೂ’ ಇನ್ನೂ ಸ್ಪಷ್ಟವಾದ ಉದಾಹರಣೆ. ಅದರ 1960ರ ದಶಕದ ಅನೇಕ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು. ಹಲವು ಕಂತುಗಳು ವಿದೇಶಗಳಿಂದಲೂ ಖಾಸಗಿ ಸಂಗ್ರಹಗಳಿಂದಲೂ ಮರಳಿ ಬಂದವು. ನೈಜೀರಿಯಾದಲ್ಲಿ ಒಂಬತ್ತು ಕಂತುಗಳು ದೊರೆತುದು 2013ರಲ್ಲಿ ಪ್ರಕಟವಾಯಿತು. ಅದರ ನಂತರವೂ 97 ಕಂತುಗಳ ದೃಶ್ಯಭಾಗ ಕಾಣೆಯಾಗಿಯೇ ಇತ್ತು. ಆದರೆ ಅವೆಲ್ಲವುಗಳ ಧ್ವನಿ ಉಳಿದಿದೆ. ಪ್ರಸಾರದ ಹೊತ್ತಿನಲ್ಲಿ ಮನೆಗಳಲ್ಲಿ ಕುಳಿತು ಅದನ್ನು ಟೇಪಿಗೆ ಇಳಿಸಿಕೊಂಡವರು ವೀಕ್ಷಕರು.

ಮಿತಿಗಳು ಮತ್ತು ಸ್ವೀಕಾರ

ಈ ವಿದ್ವತ್ತಿಗೆ ಮಿತಿಗಳೂ ಇವೆ. ಅಭಿಮಾನಿಯ ಆಸಕ್ತಿ ತನ್ನ ಬಾಲ್ಯದ ಓದಿನ ಸುತ್ತಲೇ ಸುಳಿಯುತ್ತದೆ. ‘ಸುವರ್ಣಯುಗ’, ‘ರಜತಯುಗ’ ಎಂಬ ಕಾಲವಿಭಜನೆಗಳು ಸೂಪರ್‌ಹೀರೊ ಕಥೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಅದೇ ಕಾಲದ ಪ್ರಣಯ ಮತ್ತು ಹಾಸ್ಯ ಕಾಮಿಕ್ಸ್‌ಗಳನ್ನು ಬದಿಗೆ ಸರಿಸಿದವು. ಆರಂಭದ ಕಾಮಿಕ್ಸ್ ಬಳಗದಲ್ಲಿ ಪುರುಷರೇ ಹೆಚ್ಚು. ಮಹಿಳಾ ಚಿತ್ರಕಾರರ ಚರಿತ್ರೆ ಪ್ರತ್ಯೇಕವಾಗಿ ರಚನೆಯಾಗಬೇಕಾಯಿತು. ಟ್ರೀನಾ ರಾಬಿನ್ಸ್ ಮತ್ತು ಕ್ಯಾಥರೀನ್ ಯ್ರೋನ್‌ವುಡ್ 1985ರಲ್ಲಿ ಪ್ರಕಟಿಸಿದ ಗ್ರಂಥ ಆ ಕೊರತೆಯನ್ನು ತುಂಬಲು ಯತ್ನಿಸಿತು. 1970ರಲ್ಲಿ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಬಂದ ಮೇಲೆ ಹಳೆಯ ಸಂಚಿಕೆ ಓದುವ ವಸ್ತುವಿಗಿಂತ ಹೂಡಿಕೆಯ ವಸ್ತುವಾಗುವ ಪ್ರವೃತ್ತಿಯೂ ಬಲಗೊಂಡಿತು.

ಆದರೂ ವಿದ್ವತ್‌ಲೋಕ ಈ ಚರ್ಚೆಯನ್ನು ಕ್ರಮೇಣ ಮಾನ್ಯ ಮಾಡಿತು. ಅದರ ಮೊದಲ ಸೂಚನೆ ಅನಿರೀಕ್ಷಿತ ದಿಕ್ಕಿನಿಂದ ಬಂದದ್ದು. 1954ರ ತನ್ನ ಗ್ರಂಥದಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಂದು ವಾದಿಸಿ, ಸೆನೆಟ್ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದಿದ್ದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, 1973ರಲ್ಲಿ ಫ್ಯಾನ್‌ಜೀನ್‌ಗಳನ್ನು ಕುರಿತೇ ಒಂದು ಗ್ರಂಥ ಬರೆದು ಅವುಗಳ ಸ್ವತಂತ್ರ ಸಂವಹನವನ್ನು ಮೆಚ್ಚಿದ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ 1970ರಿಂದಲೇ ಕಾಮಿಕ್ಸ್ ಸಂಗ್ರಹಿಸತೊಡಗಿತ್ತು. 1992ರಲ್ಲಿ ಬಂದ ಹೆನ್ರಿ ಜೆಂಕಿನ್ಸ್ ಮತ್ತು ಕ್ಯಾಮಿಲ್ ಬೇಕನ್-ಸ್ಮಿತ್ ಅವರ ಗ್ರಂಥಗಳು ಟೆಲಿವಿಷನ್ ಅಭಿಮಾನಿಗಳನ್ನು ನಿಷ್ಕ್ರಿಯ ಗ್ರಾಹಕರೆಂದಲ್ಲದೆ, ಅರ್ಥವನ್ನು ಸೃಷ್ಟಿಸುವ ಸಮುದಾಯವೆಂದು ಕಂಡವು.

ಈ ಅಧ್ಯಯನಗಳು ಅಭಿಮಾನಿಯ ಕಲ್ಪನೆಗೆ ಕೊಟ್ಟಷ್ಟು ಗಮನವನ್ನು ಆತನ ಪಟ್ಟಿಗಳಿಗೆ ಕೊಡಲಿಲ್ಲ. ಫಿಂಗರ್ ಪ್ರಕರಣ ತೋರಿಸುವಂತೆ, ಸಂಚಿಕೆ, ತಿಂಗಳು, ಕೈಬರಹ, ಸಂದರ್ಶನ ಎಂಬ ಸಣ್ಣ ವಿವರಗಳ ಸಂಗ್ರಹವೇ ಕೊನೆಗೆ ಒಬ್ಬ ಮನುಷ್ಯನ ಹಕ್ಕಿನ ಆಧಾರವಾಗುತ್ತದೆ. ಸಾಂಸ್ಥಿಕ ಸಂಗ್ರಹಾಲಯಗಳ ಗಮನಕ್ಕೆ ಬಾರದ ಅಲ್ಪಾಯುಷಿ ಮುದ್ರಣಗಳನ್ನು ಅಭ್ಯಸಿಸುವವರು ಪಠ್ಯಗಳನ್ನು ಹುಡುಕುವುದರ ಜೊತೆಗೆ ಅವುಗಳ ಓದುಗರನ್ನೂ ಹುಡುಕಬೇಕಾಗುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ಕಾಣದ ಹೆಸರು ಓದುಗನ ಪತ್ರದಲ್ಲಿ ಉಳಿದಿರಬಹುದು. ಆ ಓದುಗ ಬದುಕಿರುವಾಗಲೇ ಅವನನ್ನು ಕೇಳುವುದು ಒಳ್ಳೆಯದು.