ಸೊಂಟದಲ್ಲಿ ಪಿಸ್ತೂಲಿದ್ದ ಮಾತ್ರಕ್ಕೆ

ಸಿನಿಮಾದ ಇನ್‌ಸ್ಪೆಕ್ಟರ್ ಓಡುವ ಜೀಪಿನಲ್ಲಿ ನಿಂತೇ ಖದೀಮನ ಕಾರಿನ ಟೈರಿಗೆ ಗುಂಡು ಹೊಡೆಯುತ್ತಾನೆ. ಪೊಲೀಸರ ಬಂದೂಕಿನ ಬಗ್ಗೆ, ನಮ್ಮ ರಕ್ಷಣೆಯ ಬಗ್ಗೆ ನಮಗಿರುವ ಕಲ್ಪನೆಗಳಲ್ಲಿ ಅರ್ಧ ಅಲ್ಲಿಂದಲೇ ಬಂದವು.

ತಪ್ಪು ಕಲ್ಪನೆ: ಪೊಲೀಸರೆಲ್ಲ ಗುರಿಕಾರರು.

ಸತ್ಯ: ಬಂದೋಬಸ್ತ್, ಸಮನ್ಸ್, ಗಸ್ತು, ಕೋರ್ಟು ಎಂದು ದಿನ ಕಳೆಯುವ ಪೇದೆಗೆ ಫೈರಿಂಗ್ ಅಭ್ಯಾಸ ಸಿಗುವುದು ಅಪರೂಪ. ಆಯುಧವೂ ಸದಾ ನೆಚ್ಚುವಂತಿರುವುದಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಸಂಭಲ್‌ನಲ್ಲಿ ದುಷ್ಕರ್ಮಿಗಳ ಬೆನ್ನಟ್ಟಿದಾಗ ಪಿಸ್ತೂಲು ಕೈಕೊಟ್ಟಿತು. ಸಬ್ ಇನ್‌ಸ್ಪೆಕ್ಟರ್ ಒಬ್ಬರು 'ಠಾಂಯ್ ಠಾಂಯ್' ಎಂದು ಬಾಯಲ್ಲೇ ಸದ್ದು ಮಾಡಿದರು. ಮರುವರ್ಷ ಬಿಹಾರದಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಅವರ ಅಂತ್ಯಕ್ರಿಯೆಯ ಗೌರವಕ್ಕೆ ಎತ್ತಿದ 22 ರೈಫಲ್‌ಗಳಲ್ಲಿ ಒಂದೂ ಸಿಡಿಯಲಿಲ್ಲ.

ತಪ್ಪು ಕಲ್ಪನೆ: ಒಳ್ಳೆಯ ಆಯುಧ, ತರಬೇತಿ ಇದ್ದರೆ ಗುರಿ ತಪ್ಪದು.

ಸತ್ಯ: ನ್ಯೂಯಾರ್ಕ್ ಪೊಲೀಸರಿಗೆ ಎರಡೂ ಇವೆ. ಆದರೂ ಎದುರಾಳಿ ತಿರುಗಿ ಗುಂಡು ಹಾರಿಸಿದ ಪ್ರಕರಣಗಳಲ್ಲಿ ಅವರ ಗುಂಡು ತಗುಲಿದ್ದು ಸರಾಸರಿ ಶೇ 18ರಷ್ಟು ಮಾತ್ರ ಎಂದು ರ‍್ಯಾಂಡ್ ಸಂಶೋಧನಾ ಸಂಸ್ಥೆಯ 2008ರ ವರದಿ ಹೇಳಿತು. 2012ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಕೆಲವೇ ಅಡಿ ದೂರದ ಹಂತಕನತ್ತ 16 ಗುಂಡು ಹಾರಿಸಿದರು. ಹಂತಕ ಸತ್ತ, ಜೊತೆಗೆ ಒಂಬತ್ತು ಮಂದಿ ದಾರಿಹೋಕರು ಪೊಲೀಸರದೇ ಗುಂಡು, ಅದರ ಚೂರು ಬಡಿದು ಗಾಯಗೊಂಡರು. ಜೀವಭಯದಲ್ಲಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಎದುರಿನವನನ್ನು ಬಿಟ್ಟು ಸುತ್ತಲಿನದು ಕಣ್ಣಿಗೆ ಬೀಳುವುದೇ ಇಲ್ಲ.

ತಪ್ಪು ಕಲ್ಪನೆ: ಹಾಗಾದರೆ ನಾವೇ ಗನ್ ಇಟ್ಟುಕೊಳ್ಳುವುದು ಮೇಲು.

ಸತ್ಯ: ಕಸುಬಿನವರ ಗುರಿಯೇ ಹೀಗಾದರೆ, ಬೀರುವಿನಿಂದ ಗನ್ ತೆಗೆದು ಕತ್ತಲಲ್ಲಿ ತಡಕಾಡುವ ಮನೆಯವರ ಗುಂಡು ಯಾರಿಗೆ ತಾಗೀತು? ಕಾನೂನೂ ಬಿಗಿಯಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ಕೊಡಗಿನ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಅವರ ಪರಂಪರೆಗೆ ಸಂದದ್ದು; ಊರಿಗೆಲ್ಲ ಅನ್ವಯಿಸುವಂಥದ್ದಲ್ಲ.

ತಪ್ಪು ಕಲ್ಪನೆ: ಮೈಮೇಲೆ ಬಿದ್ದವನಿಗೆ ತಿರುಗಿಸಿ ಹೊಡೆದರೆ ನಮ್ಮನ್ನೇ ಒಳಗೆ ಹಾಕುತ್ತಾರೆ.

ಸತ್ಯ: ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿವೆ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಭಯ ಎದುರಾದಾಗ ದಾಳಿಕೋರನ ಪ್ರಾಣ ಹೋದರೂ ಅದು ಅಪರಾಧವಾಗದಿರಬಹುದು. ಹೇಡಿಯಂತೆ ಓಡಿಹೋಗಬೇಕೆಂದು ಕಾನೂನು ಬಯಸುವುದಿಲ್ಲ ಎಂದು ದರ್ಶನ್ ಸಿಂಗ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟಿಗೆ ರಕ್ಷಣೆಯಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೂ ಇಲ್ಲ. ಪೆಪ್ಪರ್ ಸ್ಪ್ರೇಗೂ ಇದೇ ಮಾತು: ಪ್ರಾಣಕ್ಕೆ ಅಪಾಯವಿರಲಿಲ್ಲ ಎಂದು ಮೇಲ್ನೋಟಕ್ಕೆ ಕಂಡ ಜಗಳವೊಂದರಲ್ಲಿ ಅದನ್ನು ಬಳಸಿದವರ ಮೇಲಿನ ಪ್ರಕರಣ ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ.

ತಪ್ಪು ಕಲ್ಪನೆ: ನಮ್ಮನ್ನು ನಾವೇ ಕಾಯ್ದುಕೊಳ್ಳುವುದೆಂದರೆ ಹೊಡೆದಾಟ.

ಸತ್ಯ: ಅದರ ಬಹುಪಾಲು ಪೊಲೀಸರು ಬರುವ ತನಕ ಸಮಯ ಗಳಿಸುವ ಕೆಲಸ. ಕೂಗುವುದು, ಬೆಳಕು, ಜನ ಇರುವ ಕಡೆ ಸರಿಯುವುದು, ಪರ್ಸು ಕೇಳಿದರೆ ಕೊಟ್ಟುಬಿಡುವುದು. ಬಾಗಿಲು ಒಡೆಯುವ ಸದ್ದಾದರೆ ಚಿಲಕ ಹಾಕಿದ ಒಳಕೋಣೆಯಿಂದ 112ಕ್ಕೆ ಕರೆ ಮಾಡಿ, ಮೊದಲು ವಿಳಾಸ, ಹತ್ತಿರದ ಗುರುತು ಹೇಳಿ. ಅನೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಬಟನ್ ಬೇಗಬೇಗ ಕೆಲವು ಬಾರಿ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಎಷ್ಟು ಬಾರಿ ಒತ್ತಬೇಕು, ಅದು ಚಾಲೂ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿಕೊಳ್ಳಿ.